ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಾದಂಬರಿ: ಪಾತ್ರಗಳನ್ನು ಓದುವುದು ಹೇಗೆ ಕಲಿಸುತ್ತೀರಿ?

ನವನಗರ ಟೀಚರ್ (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುವವರು ಸಾಕಷ್ಟು ಜನ ಇದ್ದೀರಿ. ಅದಕ್ಕೇ ನಿಮ್ಮ ಹತ್ತಿರ ಕೇಳುತ್ತಿದ್ದೇನೆ.

ಈ ವರ್ಷ ಒಂಬತ್ತನೇ ತರಗತಿಗೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪ್ರಾಜೆಕ್ಟ್ ಅಂತ ಒಂದು ಇಡೀ ಕಾದಂಬರಿ ಓದಿಸುತ್ತಿದ್ದೇನೆ. ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’. 1935ರ ಪುಸ್ತಕ. ಇಂಗ್ಲಿಷ್ ಸುಲಭವಾಗಿದೆ. ಶಾಲೆ, ಗೆಳೆಯರು, ಕ್ರಿಕೆಟ್, ಅಜ್ಜಿ ಎಲ್ಲ ಇದೆ. ಮಕ್ಕಳು ಖುಷಿಯಿಂದ ಓದುತ್ತಿದ್ದಾರೆ. ವಾರಕ್ಕೆ ಎರಡು ಪಿರಿಯಡ್ ಇದಕ್ಕೇ ಇಟ್ಟಿದ್ದೇನೆ.

ತೊಂದರೆ ಬರೆಯುವಾಗ ಬರುತ್ತಿದೆ. ಮೊನ್ನೆ ಸ್ವಾಮಿಯ ಕ್ಯಾರೆಕ್ಟರ್ ಸ್ಕೆಚ್ ಬರೆಯಿರಿ ಅಂದೆ. 42 ಮಕ್ಕಳು ಬರೆದರು. 42 ಹಾಳೆಯಲ್ಲೂ ಒಬ್ಬನೇ ಹುಡುಗ. ಸ್ವಾಮಿ ಈಸ್ ಎ ಗುಡ್ ಬಾಯ್. ಹಿ ಈಸ್ ಕೈಂಡ್, ಆನೆಸ್ಟ್ ಅಂಡ್ ಬ್ರೇವ್. ಅವನ ಗೆಳೆಯ ರಾಜಂ ಬಗ್ಗೆ ಬರೆಯಿರಿ ಅಂದರೆ ಅವನೂ ಗುಡ್ ಬಾಯ್. ಇನ್ನೊಬ್ಬ ಗೆಳೆಯ ಮಣಿ ಮಾತ್ರ ಬ್ಯಾಡ್ ಬಾಯ್, ಯಾಕೆಂದರೆ ಅವನ ಕೈಯಲ್ಲಿ ಬಡಿಗೆ ಇದೆ!

ಆದರೆ ಇದೇ ಮಕ್ಕಳು ವರಾಂಡದಲ್ಲಿ ಊಟ ಮಾಡುತ್ತಾ ರಾಜಂ ಬಗ್ಗೆ ಜಗಳ ಆಡುತ್ತಿದ್ದರು. “ಅಂವಾ ತನ್ನ ಮಾತು ನಡದರ ಅಷ್ಟ ದೋಸ್ತ” ಅಂತ ಒಬ್ಬಳು ಅಂದಳು. ಎಷ್ಟು ಸರಿಯಾದ ಮಾತು ಅಲ್ವಾ? ಅವಳ ಹಾಳೆಯಲ್ಲಿ ನೋಡಿದರೆ ರಾಜಂ ಹೆಲ್ಪಿಂಗ್ ನೇಚರ್ ಅಂತ ಇದೆ. ಬಾಯಲ್ಲಿ ಇದ್ದದ್ದು ಹಾಳೆಗೆ ಬರುವ ಹೊತ್ತಿಗೆ ಎಲ್ಲಿ ಹೋಯಿತು? ನೀವೆಲ್ಲ ಇದನ್ನು ಹೇಗೆ ಕಲಿಸುತ್ತೀರಿ ಹೇಳಿ.

ಇಂಡಿ ಸರ್ (ವಿಜಯಪುರ ಜಿಲ್ಲೆ):

ಟೀಚರ್, ನಿಮ್ಮ ಪ್ರಶ್ನೆ ನಮ್ಮದೂ ಹೌದು. ನಮ್ಮದು ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಇಡೀ ಕಾದಂಬರಿ ಓದಿಸಲು ನಮಗೆ ಆಗುವುದಿಲ್ಲ. ಆದರೆ ಅದೇ ಸ್ವಾಮಿ ನಮ್ಮ ಹತ್ತನೇ ತರಗತಿಯ ಪಠ್ಯದಲ್ಲೂ ಇದ್ದಾನೆ, ‘ಎ ಹೀರೋ’ ಪಾಠದಲ್ಲಿ.

ಆ ಪಾಠ ನಿಮಗೆ ಗೊತ್ತೇ ಇದೆ. ಅಪ್ಪ ಪೇಪರ್‌ನಲ್ಲಿ ಒಬ್ಬ ಹುಡುಗನ ಧೈರ್ಯದ ಸುದ್ದಿ ಓದುತ್ತಾರೆ. ನೀನೂ ಇವತ್ತು ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾರೆ. ಸ್ವಾಮಿ ಹೆದರಿ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಬಂತು, ದೆವ್ವವೇ ಬಂತು ಅಂದುಕೊಂಡು ಅದರ ಕಾಲು ಕಚ್ಚುತ್ತಾನೆ. ಅದು ಕಳ್ಳನ ಕಾಲು. ಮರುದಿನ ಊರೆಲ್ಲ ಹೊಗಳುತ್ತದೆ.

ನಮ್ಮ ಮಕ್ಕಳು ಓದುವ ಗೈಡ್‌ನಲ್ಲಿ ಉತ್ತರ ಏನಿತ್ತು ಗೊತ್ತಾ? ಸ್ವಾಮಿ ಈಸ್ ಎ ಬ್ರೇವ್ ಬಾಯ್. ಮಕ್ಕಳು ಅದನ್ನೇ ಬಾಯಿಪಾಠ ಮಾಡಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ. “ಅವನು ಕಚ್ಚಿದ್ದು ಧೈರ್ಯಕ್ಕಾ, ಭಯಕ್ಕಾ?” ಇಡೀ ಕ್ಲಾಸ್ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು, “ಸರ್, ಮರುದಿನ ರಾತ್ರಿ ಮತ್ತ ಅಜ್ಜಿ ಬಾಜೂಕ ಮಲಗ್ಯಾನಲ್ರಿ” ಅಂದ. ನೋಡಿ, ಅವನೇ ಸಾಕ್ಷಿ ಹುಡುಕಿ ಕೊಟ್ಟ. ಇನ್ಸ್‌ಪೆಕ್ಟರ್ ನೀನು ಪೊಲೀಸ್ ಇಲಾಖೆಗೆ ಸೇರು ಅಂದಾಗ ಸ್ವಾಮಿ ಹೂಂ ಅನ್ನುತ್ತಾನೆ. ಮನಸ್ಸಿನಲ್ಲಿ ಇರುವುದು ಮಾತ್ರ ರೈಲು ಎಂಜಿನ್ ಡ್ರೈವರ್, ಗಾರ್ಡ್, ಇಲ್ಲಾಂದ್ರೆ ಬಸ್ ಕಂಡಕ್ಟರ್ ಆಗುವುದು. ಬಾಯಿ ಒಂದು ಹೇಳುತ್ತೆ, ಮನಸ್ಸು ಇನ್ನೊಂದು ಹೇಳುತ್ತೆ. ಅಲ್ಲೇ ಪಾತ್ರ ಇದೆ.

ಅಂದಿನಿಂದ ಒಂದು ನಿಯಮ ಮಾಡಿದ್ದೇನೆ. ಯಾವ ಗುಣವಾಚಕ ಬರೆದರೂ ಪಕ್ಕದಲ್ಲಿ ಪುಟ ಸಂಖ್ಯೆ ಬರೆಯಬೇಕು. ಬ್ರೇವ್ ಅಂದರೆ ಎಲ್ಲಿ ಬ್ರೇವ್? ಪುಟ ಸಿಗಲಿಲ್ಲ ಅಂದರೆ ಆ ಪದ ಅಳಿಸಬೇಕು.

ಮುಧೋಳ ಮಾಸ್ತರ್ (ನಿವೃತ್ತ):

ಇಂಡಿ ಸರ್ ಹೇಳಿದ ಪುಟ ಸಂಖ್ಯೆಯ ನಿಯಮ ಬಹಳ ಚೆನ್ನಾಗಿದೆ. ನಾನು 31 ವರ್ಷ ಇಂಗ್ಲಿಷ್ ಕಲಿಸಿದೆ. ನನಗೆ ಇದು ಹೊಳೆಯಲು ಅರ್ಧ ಸರ್ವಿಸ್ ಬೇಕಾಯಿತು.

ನವನಗರದ ಅಕ್ಕೋರೆ, ನಿಮ್ಮ ಪುಸ್ತಕದಲ್ಲೇ ಒಂದು ಬಂಗಾರದಂಥ ಜಾಗ ಇದೆ. ಅಪ್ಪ ಸ್ವಾಮಿಗೆ ಲೆಕ್ಕ ಕೊಡುವ ಜಾಗ. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅವನ್ನು ಮಾರಿ ಹದಿನೈದು ಆಣೆ ಮಾಡಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಹೋಗುವುದಿಲ್ಲ. ಅವನಿಗೆ ಆ ರಾಮ ಹೇಗಿದ್ದಾನೆ, ಕೃಷ್ಣ ಹೇಗಿದ್ದಾನೆ ಅನ್ನುವ ಯೋಚನೆ. ಕೊನೆಗೆ ಅಪ್ಪನನ್ನು ಕೇಳುತ್ತಾನೆ, ಹಣ್ಣು ಮಾಗಿದ್ದವಾ ಇಲ್ಲವಾ ಅಂತ.

ನಾನು ಇದನ್ನು ಓದುವ ಮೊದಲು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಆಣೆ ಅಂದರೆ ಏನು, ರೂಪಾಯಿಗೆ 16 ಆಣೆ ಅಂತ ಹೇಳುತ್ತಿದ್ದೆ. ಎಲ್ಲರೂ ಟಕ್ಕನೆ ಆರು ಆಣೆ ಅನ್ನುತ್ತಿದ್ದರು. ಆಮೇಲೆ ಪುಟ ತೆಗೆಯುವುದು. ಮಕ್ಕಳೆಲ್ಲ ನಕ್ಕು, ಸ್ವಾಮಿ ದಡ್ಡ ಅನ್ನುತ್ತಿದ್ದರು.

ಒಂದು ವರ್ಷ ಒಬ್ಬ ಹುಡುಗ ನಗಲಿಲ್ಲ. ಅವನ ತಂದೆ ಸಂತೆಯಲ್ಲಿ ಹಣ್ಣು ಮಾರುತ್ತಿದ್ದರು. “ಸರ್, ಅಂವಾ ಕೇಳಿದ್ದು ಖರೇ ಐತ್ರಿ. ಕಾಯಿಗೊಂದು ರೇಟ್, ಹಣ್ಣಿಗೊಂದು ರೇಟ್. ಮೆತ್ತಗಾಗಿದ್ರ ಸಂಜಿಕ ಅರ್ಧಕ್ಕ ಕೊಡಬೇಕಾಗ್ತೈತಿ” ಅಂದ. ನನಗೆ ಮೈ ಜುಮ್ ಅಂದಿತು. ಸ್ವಾಮಿ ದಡ್ಡನಲ್ಲ. ಅವನಿಗೆ ಅಂಕಿ ಕಾಣುವುದಿಲ್ಲ, ಮನುಷ್ಯರು ಕಾಣುತ್ತಾರೆ, ಹಣ್ಣು ಕಾಣುತ್ತದೆ. ಲೇಖಕ ಎಲ್ಲೂ ಸ್ವಾಮಿಗೆ ಕಲ್ಪನೆ ಜಾಸ್ತಿ ಅಂತ ಬರೆದಿಲ್ಲ. ಒಂದು ಲೆಕ್ಕ ಕೊಟ್ಟು ತೋರಿಸಿಬಿಟ್ಟಿದ್ದಾರೆ.

ನಿಮ್ಮ 42 ಮಕ್ಕಳಲ್ಲಿ ಅಂಗಡಿಯವರ ಮಗಳು, ಒಕ್ಕಲುತನದವರ ಮಗ ಇದ್ದೇ ಇರುತ್ತಾರೆ. ಅವರಿಗೆ ಕಾಣುವುದು ನಮಗೆ ಕಾಣುವುದಿಲ್ಲ. ಮೊದಲು ಅವರನ್ನು ಮಾತಾಡಿಸಿ.

ಬಿ.ಎಡ್. ಬೆಳಗಾವಿ:

ನಾನು ಈಗ ಟೀಚಿಂಗ್ ಪ್ರಾಕ್ಟೀಸ್‌ನಲ್ಲಿ ಇದ್ದೇನೆ. ನಮಗೆ ಪಾತ್ರಚಿತ್ರಣ ಎರಡು ಬಗೆ ಅಂತ ಕಲಿಸಿದ್ದಾರೆ. ಲೇಖಕ ನೇರವಾಗಿ ‘ಇವನು ಜಿಪುಣ’ ಅಂತ ಹೇಳುವುದು ಒಂದು. ಅವನ ನಡೆ ನುಡಿಯಿಂದ ನಾವೇ ತಿಳಿಯುವಂತೆ ಮಾಡುವುದು ಇನ್ನೊಂದು. ಎರಡನೆಯದನ್ನು ಹುಡುಕಲು ‘ಸ್ಟೀಲ್’ (STEAL) ಅಂತ ಒಂದು ಸೂತ್ರ ಇದೆ. ಸ್ಪೀಚ್, ಥಾಟ್ಸ್, ಎಫೆಕ್ಟ್, ಆಕ್ಷನ್, ಲುಕ್ಸ್. ಪಾತ್ರ ಏನು ಮಾತಾಡುತ್ತದೆ, ಏನು ಯೋಚಿಸುತ್ತದೆ, ಬೇರೆಯವರ ಮೇಲೆ ಏನು ಪರಿಣಾಮ, ಏನು ಮಾಡುತ್ತದೆ, ನೋಡಲು ಹೇಗಿದೆ. ಐದು ಕಾಲಂ ಹಾಕಿ ತುಂಬಿಸಿದರೆ ಮಕ್ಕಳಿಗೆ ಸುಲಭ ಆಗುತ್ತದೆ.

ಇನ್ನೊಂದು, ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಹೇಳಿದ ಫ್ಲ್ಯಾಟ್ ಮತ್ತು ರೌಂಡ್ ಪಾತ್ರ. ಒಂದೇ ಗುಣದ ಸುತ್ತ ಇರುವುದು ಫ್ಲ್ಯಾಟ್. ನಂಬುವ ಹಾಗೆ ನಮ್ಮನ್ನು ಬೆರಗುಗೊಳಿಸಬಲ್ಲದ್ದು ರೌಂಡ್. ಮಣಿ ಫ್ಲ್ಯಾಟ್, ಸ್ವಾಮಿ ರೌಂಡ್ ಅಂತ ಕಲಿಸಬಹುದು ಅಲ್ವಾ?

ಮುಧೋಳ ಮಾಸ್ತರ್:

ತಮ್ಮಾ, ಸೂತ್ರ ತಪ್ಪಲ್ಲ. ಮೊದಲ ಸಲ ಓದುವ ಮಕ್ಕಳಿಗೆ ಎಲ್ಲಿ ನೋಡಬೇಕು ಅಂತ ಹೇಳಲು ಅದು ಬೇಕು. ಆದರೆ ಎರಡನೇ ವಾರಕ್ಕೇ ಅದನ್ನು ಬಿಡಿಸಿ. ಐದು ಕಾಲಂ ತುಂಬುವುದೇ ಕೆಲಸ ಆಗಿಬಿಡುತ್ತದೆ. ನಮ್ಮ ಮಕ್ಕಳು ಲುಕ್ಸ್ ಕಾಲಂ ಖಾಲಿ ಬಿಡಬಾರದು ಅಂತ ‘ಹಿ ಈಸ್ ಟಾಲ್’ ಅಂತ ಬರೆದದ್ದು ನೋಡಿದ್ದೇನೆ. ಪುಸ್ತಕದಲ್ಲಿ ಅದು ಇರಲೇ ಇಲ್ಲ.

ಐದರಲ್ಲಿ ಎಫೆಕ್ಟ್ ಒಂದನ್ನು ಮಾತ್ರ ಚೆನ್ನಾಗಿ ಹಿಡಿಯಿರಿ. ಸ್ವಾಮಿ ರಾಜಂ ಹಿಂದೆ ಹಿಂದೆ ತಿರುಗಲು ಶುರು ಮಾಡಿದಾಗ ಹಳೆಯ ಗೆಳೆಯರು ಅವನನ್ನು ಬಾಲ ಅಂತ ಹಂಗಿಸುತ್ತಾರೆ. ಸ್ವಾಮಿಗೆ ತನ್ನ ಬಾಲ ತನಗೆ ಕಾಣುವುದಿಲ್ಲ, ಬೇರೆಯವರಿಗೆ ಕಾಣುತ್ತದೆ. ಆ ಒಂದು ಪದದಿಂದ ಸ್ವಾಮಿ, ರಾಜಂ, ಅವರನ್ನು ನೋಡಿ ಹೊಟ್ಟೆ ಉರಿದುಕೊಂಡ ಗೆಳೆಯರು, ಎಲ್ಲರೂ ಗೊತ್ತಾಗುತ್ತಾರೆ. ಒಂದು ಪಿರಿಯಡ್ ಪೂರ್ತಿ ಅದರ ಮೇಲೆ ಮಾತಾಡಬಹುದು.

ಮಣಿಯನ್ನು ಫ್ಲ್ಯಾಟ್ ಅನ್ನುವ ಮೊದಲು ಪುಸ್ತಕದ ಕೊನೆಯ ಪುಟ ಇನ್ನೊಮ್ಮೆ ಓದಿ.

ಬೈಲಹೊಂಗಲದ ಓದುಗ:

ನಾನು ಟೀಚರ್ ಅಲ್ಲ, ಆದರೆ ನಾಟಕದ ಹುಚ್ಚು ಇದೆ. ಒಂದು ಮಾತು ಹೇಳಲಾ?

ಈ ನೇರ ಮತ್ತು ಪರೋಕ್ಷ ಅನ್ನುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ನೀವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುತ್ತಾರೆ. ಪಾತ್ರ ತನ್ನ ಹೆಸರು, ಊರು, ಪರಾಕ್ರಮ ಎಲ್ಲ ತಾನೇ ಹೇಳಿಕೊಳ್ಳುತ್ತದೆ. ಅದು ನೇರ. ಆದರೆ ಶ್ರೀಕೃಷ್ಣ ಪಾರಿಜಾತದಲ್ಲಿ ಹೂವು ರುಕ್ಮಿಣಿಗೆ ಹೋಯಿತು ಅಂತ ಗೊತ್ತಾದಾಗ ಸತ್ಯಭಾಮೆ ಏನು ಮಾಡುತ್ತಾಳೆ? ಅಲ್ಲಿಂದ ಶುರುವಾಗುವುದು ಪರೋಕ್ಷ. ಒಂದು ಹೂವಿಗೆ ಇಷ್ಟು ಸಿಟ್ಟಾ ಅಂತ ಕೇಳಿ ನೋಡಿ. ಸಿಟ್ಟು ಹೂವಿಗಲ್ಲ ಅಂತ ಹುಡುಗಿಯರೇ ಹೇಳುತ್ತಾರೆ.

ನಮ್ಮ ಬೈಲಹೊಂಗಲದ ಕಡೆ ಸಂಗ್ಯಾ ಬಾಳ್ಯಾ ಗೊತ್ತಿಲ್ಲದವರು ಯಾರೂ ಇಲ್ಲ. ಪ್ರಾಣಕ್ಕೆ ಪ್ರಾಣ ಅನ್ನುವ ಗೆಳೆಯ ಬಾಳ್ಯಾ, ಅವನೇ ಕೊನೆಗೆ ಸಂಗ್ಯಾನಿಗೆ ಕೈಕೊಡುತ್ತಾನೆ. ಬಾಳ್ಯಾ ಕೆಟ್ಟವನಾ ಅಂತ ನಮ್ಮ ಊರಿನ ಕಟ್ಟೆಯ ಮೇಲೆ ಇವತ್ತಿಗೂ ವಾದ ಮಾಡುತ್ತಾರೆ. ಯಾರೂ ‘ಬ್ಯಾಡ್ ಬಾಯ್’ ಅಂತ ಹೇಳಿ ಎದ್ದು ಹೋಗುವುದಿಲ್ಲ. ಆ ಕಟ್ಟೆಯ ವಾದವನ್ನು ಇಂಗ್ಲಿಷ್ ಕ್ಲಾಸಿಗೆ ತನ್ನಿ.

ಗೋಕಾಕದ ತಾಯಿ:

ಎಲ್ಲ ಓದುತ್ತಿದ್ದೇನೆ, ಬಹಳ ಚೆನ್ನಾಗಿದೆ. ಆದರೆ ತಾಯಿಯಾಗಿ ಒಂದು ಚಿಂತೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನನ್ನ ಮಗಳು ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಅವಳು ತನ್ನ ಮಾತಿನಲ್ಲಿ ಬರೆದರೆ ಸ್ಪೆಲಿಂಗ್ ತಪ್ಪು, ಗ್ರಾಮರ್ ತಪ್ಪು. ಗೈಡ್ ನೋಡಿ ಬರೆದರೆ ಪೂರ್ತಿ ಅಂಕ. ನಾನು ಅವಳಿಗೆ ಏನು ಹೇಳಲಿ? ಪೇಪರ್ ತಿದ್ದುವವರು ಯೋಚನೆಗೆ ಅಂಕ ಕೊಡುತ್ತಾರಾ?

ಇಂಡಿ ಸರ್:

ಅಕ್ಕಾ, ನಿಮ್ಮ ಚಿಂತೆಯಲ್ಲಿ ತಪ್ಪೇನಿಲ್ಲ. ದ್ವಿತೀಯ ಭಾಷೆಗೆ 80 ಅಂಕದ ಪರೀಕ್ಷೆ, 20 ಅಂಕ ಆಂತರಿಕ. ಆ 80ರಲ್ಲಿ ಮಕ್ಕಳು ಅಂಕ ಕಳೆದುಕೊಳ್ಳಬಾರದು ಅನ್ನುವುದು ನನ್ನ ಜವಾಬ್ದಾರಿಯೂ ಹೌದು.

ನಾನು ಮಾಡುವುದು ಹೀಗೆ. ದೊಡ್ಡ ವಾಕ್ಯ ಬರೆಸುವುದಿಲ್ಲ. ಒಂದು ಚೌಕಟ್ಟು ಕೊಡುತ್ತೇನೆ. ‘ಹಿ ವಾಂಟ್ಸ್’, ‘ಬಟ್’, ‘ಸೋ’. ಅವನಿಗೆ ಏನು ಬೇಕು, ಏನು ಅಡ್ಡ ಬಂತು, ಅದಕ್ಕೆ ಏನು ಮಾಡಿದ. ಸ್ವಾಮಿಗೆ ಅಜ್ಜಿ ಪಕ್ಕ ಮಲಗಬೇಕು, ಆದರೆ ಅಪ್ಪ ಬಿಡುವುದಿಲ್ಲ, ಅದಕ್ಕೆ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಮೂರು ಸಣ್ಣ ವಾಕ್ಯ. ಗ್ರಾಮರ್ ತಪ್ಪು ಬಹಳ ಕಡಿಮೆ ಆಗುತ್ತದೆ. ಕೊನೆಗೆ ಒಂದು ಸಾಲು, ‘ದಿಸ್ ಶೋಸ್ ದ್ಯಾಟ್’. ಅಲ್ಲಿ ಮಾತ್ರ ಗುಣದ ಹೆಸರು.

ಉತ್ತರಪತ್ರಿಕೆ ತಿದ್ದುವಾಗ ನಮಗೆ ಬೇಕಾದದ್ದು ಪಾಠದಲ್ಲಿರುವ ಅಂಶಗಳು. ಘಟನೆ ಹೇಳಿ ಗುಣ ಹೇಳಿದ ಉತ್ತರದಲ್ಲಿ ಅಂಶಗಳು ತಾನಾಗಿಯೇ ಇರುತ್ತವೆ. ಬರೀ ಕೈಂಡ್, ಆನೆಸ್ಟ್ ಅಂತ ಬರೆದ ಉತ್ತರದಲ್ಲಿ ಏನೂ ಇರುವುದಿಲ್ಲ. ನಿಮ್ಮ ಮಗಳಿಗೆ ಧೈರ್ಯ ಹೇಳಿ. ಮನೆಯಲ್ಲಿ ಅವಳು ಪಾತ್ರದ ಬಗ್ಗೆ ಏನಾದರೂ ಹೇಳಿದರೆ, “ಯಾಕೆ ಹಾಗೆ ಅನ್ನಿಸಿತು?” ಅಂತ ಕೇಳಿ. ನಿಮಗೆ ಇಂಗ್ಲಿಷ್ ಬರಲಿ ಬಿಡಲಿ, ಆ ಪ್ರಶ್ನೆ ಕನ್ನಡದಲ್ಲೂ ಅಷ್ಟೇ ಕೆಲಸ ಮಾಡುತ್ತದೆ.

ನವನಗರ ಟೀಚರ್:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ಈ ವಾರ ಮೂರು ಕೆಲಸ ಮಾಡಿದೆ.

ಮೊದಲು, ಮಾತುಕತೆ ಪೂರ್ತಿ ಕನ್ನಡದಲ್ಲಿ ಬಿಟ್ಟೆ. ನಮ್ಮದು ಇಂಗ್ಲಿಷ್ ಮಾಧ್ಯಮ, ಕ್ಲಾಸಿನಲ್ಲಿ ಕನ್ನಡ ಬೇಡ ಅನ್ನುವ ಒತ್ತಾಯ ಇದ್ದೇ ಇದೆ. ಆದರೂ ಇಪ್ಪತ್ತು ನಿಮಿಷ ಕನ್ನಡದಲ್ಲಿ ವಾದ ಮಾಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ ಅಂದೆ. ಅವರಿಗೆ ಬೇಕಾದ ಪದಗಳನ್ನು ಆಗಲೇ ಬೋರ್ಡಿನ ಮೇಲೆ ಬರೆದುಕೊಟ್ಟೆ. ‘ಹಂಗಿಸುವುದು’ ಅನ್ನಲು ಟೀಸ್, ‘ಗೊಣಗುವುದು’ ಅನ್ನಲು ಮಟರ್, ‘ಓಲೈಸುವುದು’ ಅನ್ನಲು ಪ್ಲೀಸ್ ಅಂತ. ಪ್ಲೀಸ್ ಅಂದರೆ ಬರೀ ದಯವಿಟ್ಟು ಅಂತ ಅವರು ತಿಳಿದಿದ್ದರು. ‘ಸ್ವಾಮಿ ಟ್ರೈಸ್ ಟು ಪ್ಲೀಸ್ ರಾಜಂ’ ಅಂತ ಬರೆದಾಗ ಹುಡುಗಿಯೊಬ್ಬಳು ಕಣ್ಣರಳಿಸಿದಳು. ಅವರ ಹತ್ತಿರ ಯೋಚನೆ ಇತ್ತು. ಇಂಗ್ಲಿಷಿನ ಕ್ರಿಯಾಪದ ಇರಲಿಲ್ಲ, ಅಷ್ಟೇ. ನಾನು ಇಷ್ಟು ವರ್ಷ ಅವರಿಗೆ ಗುಣವಾಚಕದ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದೆ.

ಎರಡನೆಯದು. ನಿಮ್ಮ ಮನೆಯ ಒಬ್ಬರ ಬಗ್ಗೆ ನಾಲ್ಕು ಸಾಲು ಬರೆಯಿರಿ, ಒಂದೂ ಗುಣವಾಚಕ ಬೇಡ ಅಂದೆ. ಏನು ಮಾಡುತ್ತಾರೆ ಅಂತ ಮಾತ್ರ ಬರೆಯಬೇಕು. ಒಬ್ಬ ಹುಡುಗ ಅಪ್ಪನ ಬಗ್ಗೆ ಬರೆದ. ಕಬ್ಬಿನ ಬಿಲ್ ಬಂದ ದಿನ ಅಪ್ಪ ಮೊದಲು ಸಾಲದ ವಹಿ ತೆಗೆಯುತ್ತಾರೆ, ಅದನ್ನು ಮುಚ್ಚಿದ ಮೇಲೆ ನಮಗೆ ಏನು ಬೇಕು ಅಂತ ಕೇಳುತ್ತಾರೆ, ನಾವು ಏನೂ ಬೇಡ ಅನ್ನುತ್ತೇವೆ. ಅಪ್ಪನ ಬಗ್ಗೆ ಬರೆ ಅಂದರೆ ಇಡೀ ಮನೆಯನ್ನೇ ತೋರಿಸಿದ.

ಇನ್ನೊಬ್ಬಳು ಅಜ್ಜಿಯ ಬಗ್ಗೆ ಬರೆದಳು. ಅವರದು ಹಳೇ ಬಾಗಲಕೋಟೆಯಲ್ಲಿ ಮುಳುಗಡೆಯಾದ ಮನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಅರ್ಧ ಊರು ನವನಗರಕ್ಕೆ ಎದ್ದು ಬಂದದ್ದು ನಿಮಗೆಲ್ಲ ಗೊತ್ತು. ಬಸ್ಸಿನಲ್ಲಿ ಆ ಕಡೆ ಹೋಗುವಾಗ ಅಜ್ಜಿ ಕಿಟಕಿ ಸೀಟು ಕೇಳುತ್ತಾಳಂತೆ. ನೀರು ಕಂಡ ಕೂಡಲೇ ಮಾತು ನಿಲ್ಲಿಸುತ್ತಾಳೆ. ದಾಟಿದ ಮೇಲೆ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಕೊಡುತ್ತಾಳೆ, ತಾನು ತಿನ್ನುವುದಿಲ್ಲ. ಇಷ್ಟೇ. ‘ಸ್ಯಾಡ್’ ಅನ್ನುವ ಪದ ಇಲ್ಲ. ಓದಿ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಮೂರನೆಯದು, ಇದನ್ನು ಹಿಡಿದುಕೊಂಡು ಕಾದಂಬರಿಗೆ ವಾಪಸ್ ಬಂದೆವು. ಅಜ್ಜಿಗೆ ಹೊಟ್ಟೆನೋವು, ಒಂದು ನಿಂಬೆಹಣ್ಣು ತಂದುಕೊಡು ಅಂತ ಕೇಳುವ ಜಾಗ. ಸ್ವಾಮಿಗೆ ಕ್ರಿಕೆಟ್ ಅವಸರ, ತರದೇ ಓಡಿಬಿಡುತ್ತಾನೆ. ಆಮೇಲೆ ನೆನಪಾಗಿ ಮನಸ್ಸು ಚುಚ್ಚುತ್ತದೆ. ಕೈಂಡ್ ಅಂತ ಬರೆದಿದ್ದವರಿಗೆಲ್ಲ ಈ ಪುಟ ತೆಗೆಯಿರಿ ಅಂದೆ. ಈಗ ಸ್ವಾಮಿ ಕೈಂಡ್ ಹೌದೋ ಅಲ್ಲವೋ? ಮಾಡಿದ್ದು ಒಂದು, ಅನ್ನಿಸಿದ್ದು ಒಂದು. ಎರಡೂ ಬರೆಯಬೇಕು ಅಂತ ಅವರೇ ತೀರ್ಮಾನ ಮಾಡಿದರು.

ಬಿ.ಎಡ್. ಬೆಳಗಾವಿ:

ಟೀಚರ್, ಗುಣವಾಚಕ ಬೇಡ ಅನ್ನುವ ಕೆಲಸ ನಾನೂ ಮಾಡಿಸುತ್ತೇನೆ. ನನ್ನ ಮುಂದಿನ ಲೆಸನ್ ಪ್ಲಾನ್ ಅದೇ. ಮಾಸ್ತರೇ, ಕೊನೆಯ ಪುಟ ಓದಿದೆ. ನೀವು ಹೇಳಿದ್ದು ಅರ್ಥವಾಯಿತು. ಮಣಿ ಬಗ್ಗೆ ನಾನು ಅವಸರ ಮಾಡಿದೆ.

ವಿಜಯಪುರದ ಹಳೇ ವಿದ್ಯಾರ್ಥಿ:

ಇದನ್ನೆಲ್ಲ ಓದಿ ನನ್ನ ಹೈಸ್ಕೂಲು ನೆನಪಾಯಿತು. ಶಾಲೆಯ ಹೆಸರು ಬೇಡ. ನಮಗೂ ಇದೇ ಪುಸ್ತಕದ ಒಂದು ಭಾಗ ಓದಿಸಿದ್ದರು. ರಾಜಂ ಹೊಸದಾಗಿ ಕ್ಲಾಸಿಗೆ ಬರುತ್ತಾನೆ, ಪೊಲೀಸ್ ಅಧಿಕಾರಿಯ ಮಗ, ಒಳ್ಳೆ ಬಟ್ಟೆ, ಒಳ್ಳೆ ಇಂಗ್ಲಿಷ್. ನಾನು ಉತ್ತರದಲ್ಲಿ ಹೀಗೆ ಬರೆದೆ. ಸ್ವಾಮಿಗೆ ಇಷ್ಟ ಆಗಿದ್ದು ರಾಜಂ ಅಲ್ಲ, ರಾಜಂ ಮನೆಯ ದೊಡ್ಡತನ ಅಂತ. ನಮ್ಮ ಕ್ಲಾಸಿಗೂ ಆ ವರ್ಷ ಒಬ್ಬ ಸಾಹೇಬರ ಮಗ ಬಂದಿದ್ದ. ನಾನೂ ಅವನ ಬ್ಯಾಗ್ ಹೊತ್ತಿದ್ದೆ. ಅದಕ್ಕೇ ನನಗೆ ಗೊತ್ತಾಗಿತ್ತು.

ಆ ಉತ್ತರಕ್ಕೆ ಸೊನ್ನೆ ಬಂತು. ಅಡ್ಡಗೆರೆ ಎಳೆದು, ನೋಟ್ಸ್‌ನಲ್ಲಿ ಇದ್ದದ್ದು ಬರೆ ಅಂತ ಕೆಂಪಿನಲ್ಲಿ ಬರೆದಿದ್ದರು. ಆಮೇಲೆ ನಾನು ಯಾವತ್ತೂ ನನಗೆ ಅನ್ನಿಸಿದ್ದನ್ನು ಬರೆಯಲಿಲ್ಲ. ಪಿಯುಸಿ, ಡಿಗ್ರಿ ಎಲ್ಲ ನೋಟ್ಸ್ ಮೇಲೆ ಮುಗಿಸಿದೆ. ಕಥೆ ಪುಸ್ತಕ ಮತ್ತೆ ಕೈಗೆ ತೆಗೆದುಕೊಂಡದ್ದು ಕೆಲಸಕ್ಕೆ ಸೇರಿದ ಮೇಲೆ. ಟೀಚರ್, ನಿಮ್ಮ ಮಕ್ಕಳು ತಪ್ಪು ಬರೆದರೂ ಒಂದು ಸಲ “ಎಲ್ಲಿ ನೋಡಿದೆ, ತೋರಿಸು” ಅಂತ ಕೇಳಿ. ಇಂಡಿ ಸರ್ ಹೇಳಿದ ಪುಟ ಸಂಖ್ಯೆ ನನಗೆ ಅವತ್ತು ಯಾರಾದರೂ ಕೇಳಿದ್ದರೆ ನಾನು ತೋರಿಸುತ್ತಿದ್ದೆ.

ಮುಧೋಳ ಮಾಸ್ತರ್:

ನಿಮ್ಮ ಉತ್ತರ ಸರಿಯಾಗಿತ್ತು. ಪೂರ್ತಿ ಅಂಕ ಕೊಡಬೇಕಾದ ಉತ್ತರ ಅದು. ಒಬ್ಬ ಮಾಸ್ತರನಾಗಿ ನಾನು ಇದನ್ನು ನಿಮಗೆ ಹೇಳಲೇಬೇಕು.

ನವನಗರ ಟೀಚರ್:

ಸರ್, ನಿಮ್ಮ ಮಾತನ್ನು ನಾನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇವತ್ತು ಕಾದಂಬರಿ ಮುಗಿಸಿದೆವು. ಸ್ವಾಮಿ ಕಾಡಿನಲ್ಲಿ ದಾರಿ ತಪ್ಪಿ ಮ್ಯಾಚಿಗೆ ಬರಲಿಲ್ಲ ಅಂತ ರಾಜಂ ಸಿಟ್ಟಾಗಿದ್ದಾನೆ. ಅವರ ಅಪ್ಪನಿಗೆ ವರ್ಗ ಆಗಿದೆ. ಸ್ಟೇಷನ್ನಿನಲ್ಲಿ ಸ್ವಾಮಿ ಒಂದು ಕಥೆ ಪುಸ್ತಕ ಹಿಡಿದುಕೊಂಡು ಬಂದಿದ್ದಾನೆ. ರೈಲು ಹೊರಟಿತು. ಪುಸ್ತಕ ಮಣಿಯ ಕೈಯಿಂದ ರಾಜಂ ಕೈಗೆ ಹೋಗುತ್ತದೆ. ರಾಜಂ ಏನೋ ಹೇಳುತ್ತಾನೆ, ರೈಲಿನ ಸದ್ದಿನಲ್ಲಿ ಕೇಳುವುದಿಲ್ಲ. ಅವನು ಕಾಗದ ಬರೆಯುತ್ತಾನಾ ಅಂತ ಸ್ವಾಮಿ ಮಣಿಯನ್ನು ಕೇಳುತ್ತಾನೆ. ಬರೆಯುತ್ತಾನೆ ಅಂತ ಮಣಿ ಹೇಳುತ್ತಾನೆ. ನಿಜವಾ ಅಂತ ಮಣಿಯ ಮುಖ ನೋಡಿದರೆ, ಆ ಒಂದು ಸಲ ಸ್ವಾಮಿಗೆ ಅದನ್ನು ಓದಲು ಆಗುವುದಿಲ್ಲ.

ನಾನು ಪುಸ್ತಕ ಮುಚ್ಚಿ, ಮಣಿ ಹೇಳಿದ್ದು ನಿಜವಾ ಅಂತ ಕೇಳಿದೆ. ಇಪ್ಪತ್ತಮೂರು ಮಕ್ಕಳು ಸುಳ್ಳು ಅಂದರು. ಹದಿನೆಂಟು ಮಕ್ಕಳು ನಿಜ ಅಂದರು. ಪುಟ ಸಂಖ್ಯೆ ಹೇಳಿ ಹೇಳಿ ಜಗಳ ಆಡಿದರು. ಮಣಿ ಯಾವತ್ತು ಸುಳ್ಳು ಹೇಳಿದ್ದ, ಯಾವತ್ತು ಬಡಿಗೆ ಬಿಟ್ಟು ಗೆಳೆಯನ ಪರ ನಿಂತಿದ್ದ, ಎಲ್ಲ ಹಿಂದೆ ಹೋಗಿ ಹುಡುಕಿದರು. ಬೆಲ್ ಹೊಡೆದರೂ ಎದ್ದು ಹೋಗಲಿಲ್ಲ.

ಒಬ್ಬ ಹುಡುಗ ಮಾತ್ರ ಯಾವ ಕಡೆಗೂ ಕೈ ಎತ್ತಿರಲಿಲ್ಲ. ಮೊದಲ ವಾರ ಮಣಿ ಈಸ್ ಎ ಬ್ಯಾಡ್ ಬಾಯ್ ಅಂತ ಬರೆದವನು ಅವನೇ. ಸಂಜೆ ಸ್ಟಾಫ್ ರೂಮಿಗೆ ಬಂದು ಹಾಳೆ ಕೊಟ್ಟು ಹೋದ. ಅದರಲ್ಲಿ ಒಂದೇ ಸಾಲು ಇತ್ತು, ಇಂಗ್ಲಿಷಿನಲ್ಲಿ, ಒಂದು ಸ್ಪೆಲಿಂಗ್ ತಪ್ಪಿನ ಜೊತೆ. ಮಣಿಗೂ ರಾಜಂ ಏನು ಹೇಳಿದ ಅಂತ ಕೇಳಿಸಿರಲಿಲ್ಲ, ಆದರೆ ಸ್ವಾಮಿ ಅಳಬಾರದು ಅಂತ ಅವನಿಗೆ ಇತ್ತು. ಕೆಳಗೆ ಪುಟ ಸಂಖ್ಯೆ ಬರೆದಿದ್ದ.